ಎಂಟು ಮಕ್ಕಳ ಆರನೇ ತರಗತಿ: ಸಣ್ಣ ಊರಿನ ಸರ್ಕಾರಿ ಶಾಲೆಯ ಲೆಕ್ಕ ಓದುವ ಬಗೆ

(ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು, ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಹಿರಿಯ ಪ್ರಾಥಮಿಕ ಶಾಲೆಗಳ ಮುಖ್ಯ ಶಿಕ್ಷಕರಿಗಾಗಿ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಊರ ಶಾಲೆಯ ಮಾತು ಬಂದಾಗ ಎರಡು ದೂರು ಜೋಡಿಯಾಗಿಯೇ ಬರುತ್ತವೆ. "ಶಾಲೇಲಿ ಮಕ್ಕಳೇ ಇಲ್ಲ" ಅನ್ನುವುದು ಒಂದು, "ಅಲ್ಲಿ ಏನೂ ಕಲಿಸಲ್ಲ" ಅನ್ನುವುದು ಇನ್ನೊಂದು. ಕಲಿಸದೇ ಇರುವುದರಿಂದಲೇ ಮಕ್ಕಳು ಇಲ್ಲ ಅಂತ ಹೇಳುವವರೇ ತೀರ್ಮಾನವನ್ನೂ ಕೊಟ್ಟುಬಿಡುತ್ತಾರೆ. ಆರು, ಏಳು, ಎಂಟನೇ ತರಗತಿಗಳನ್ನು ಹತ್ತಿರದಿಂದ ನೋಡಿದರೆ ಈ ತೀರ್ಮಾನ ಅರ್ಧಕ್ಕರ್ಧ ತಪ್ಪು. ದಾಖಲಾತಿ ಇಳಿಯುವುದಕ್ಕೆ ಅದರದೇ ಕಾರಣಗಳಿವೆ, ಕಲಿಕೆ ಕುಂಟುವುದಕ್ಕೆ ಬೇರೆ ಕಾರಣಗಳಿವೆ. ಎರಡನ್ನೂ ಒಂದೇ ಗಂಟು ಮಾಡಿದರೆ ಯಾವುದಕ್ಕೂ ಮದ್ದು ಸಿಗುವುದಿಲ್ಲ. ಇವತ್ತು ಆ ಗಂಟು ಬಿಚ್ಚೋಣ.

ಮೊದಲು ತಲೆ ಎಣಿಕೆ. 1,200 ಜನರಿರುವ ಒಂದು ಊರು ಅಂದುಕೊಳ್ಳಿ. ನಮ್ಮ ರಾಜ್ಯದಲ್ಲಿ ಈಗ ಸಾವಿರ ಜನಸಂಖ್ಯೆಗೆ ವರ್ಷಕ್ಕೆ ಹುಟ್ಟುವುದು ಹದಿನಾರು ಹದಿನೇಳು ಮಕ್ಕಳು. ಆ ಲೆಕ್ಕದಲ್ಲಿ ಈ ಊರಿಗೆ ವರ್ಷಕ್ಕೆ ಸುಮಾರು 20 ಕೂಸು. ಅದರಲ್ಲಿ ಅರ್ಧ ಮಕ್ಕಳು ವ್ಯಾನ್ ಹತ್ತಿ ಕಾನ್ವೆಂಟಿಗೆ ಹೋದರೆ ಸರ್ಕಾರಿ ಶಾಲೆಗೆ ತರಗತಿಗೆ 10 ಉಳಿಯುತ್ತವೆ, ಆರರಿಂದ ಎಂಟರವರೆಗೆ ಒಟ್ಟು 30. ಮೇಷ್ಟ್ರು ಎಷ್ಟೇ ಒಳ್ಳೆಯವರಿರಲಿ, ಟೀಚರ್ ಎಷ್ಟೇ ದುಡಿಯಲಿ, ಆ ಊರಿನಲ್ಲಿ ಈ ಮೂರು ತರಗತಿಗೆ 60ಕ್ಕಿಂತ ಹೆಚ್ಚು ಮಕ್ಕಳು ಬರಲು ಸಾಧ್ಯವೇ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೊದಲ ಸುತ್ತಿನಲ್ಲಿ, ಅಂದರೆ 1992-93ರಲ್ಲಿ, ಕರ್ನಾಟಕದ ಒಬ್ಬ ತಾಯಿಗೆ ಸರಾಸರಿ ಸುಮಾರು ಮೂರು ಮಕ್ಕಳು. 2019-21ರ ಐದನೇ ಸುತ್ತಿಗೆ ಅದು 1.7ಕ್ಕೆ ಇಳಿದಿದೆ. "ನಮ್ಮ ಕಾಲದಲ್ಲಿ ಒಂದೊಂದು ಬೆಂಚಿಗೆ ಐದು ಜನ ಕೂರುತ್ತಿದ್ದೆವು" ಎಂದು ಹಿರಿಯರು ಹೇಳುವುದು ನಿಜ. ಆ ಬೆಂಚು ಖಾಲಿಯಾಗಿದ್ದಕ್ಕೆ ಮೊದಲ ಕಾರಣ ಮನೆಗಳಲ್ಲೇ ಇದೆ, ಶಾಲೆಯಲ್ಲಲ್ಲ.

ಹಾಗಾಗಿ ದಾಖಲಾತಿ ಆಂದೋಲನಕ್ಕೆ ಜೂನ್‌ನಲ್ಲಿ ಜಾಥಾ ಹೊರಡುವ ಮುಂಚೆ ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಹೋಗಿ ಕೂರಬೇಕು. ಅವರ ದಾಖಲೆಯಲ್ಲಿ ಊರಿನ ಪ್ರತಿ ಮಗುವಿನ ಹುಟ್ಟಿದ ತಾರೀಖು ಇರುತ್ತದೆ. ಈಗ ಮೂರು ವರ್ಷದ ಮಕ್ಕಳು ಎಷ್ಟು, ನಾಲ್ಕು ವರ್ಷದವರು ಎಷ್ಟು ಎಂದು ಬರೆದುಕೊಂಡರೆ ಇನ್ನು ಎಂಟು ವರ್ಷಕ್ಕೆ ಆರನೇ ತರಗತಿಗೆ ಹೆಚ್ಚೆಂದರೆ ಎಷ್ಟು ಮಕ್ಕಳು ಬರಬಹುದು ಅನ್ನುವುದು ಇವತ್ತೇ ಗೊತ್ತಾಗುತ್ತದೆ. ಆರನೇ ತರಗತಿಯ ದಾಖಲಾತಿ ನಿಜಕ್ಕೂ ನಿರ್ಧಾರವಾಗುವುದು ಮಗುವಿಗೆ ನಾಲ್ಕು ವರ್ಷವಾದಾಗ, ಎಲ್‌ಕೆಜಿ ವ್ಯಾನು ಮನೆ ಮುಂದೆ ನಿಂತ ದಿನ. ಒಮ್ಮೆ ಆ ವ್ಯಾನು ಹತ್ತಿದ ಮಗು ಐದನೇ ತರಗತಿ ಮುಗಿಸಿ ಊರ ಶಾಲೆಗೆ ವಾಪಸು ಬರುವುದು ಅಪರೂಪ. ಕೊರೊನಾ ಕಾಲದಲ್ಲಿ ಫೀಸು ಕಟ್ಟಲಾಗದೆ ಅನೇಕರು ಬಂದರು, ಬಂದವರೆಲ್ಲ ಉಳಿಯಲಿಲ್ಲ.

ಈ ಸಂಖ್ಯೆಗಳ ಮೇಲೆ ಏನೇನು ನಿಂತಿದೆ ಎಂಬುದು ಎಸ್‌ಡಿಎಂಸಿಯವರಿಗೆ ಬಾಯಿಪಾಠ ಇರಬೇಕು. ಬಿಸಿಯೂಟಕ್ಕೆ 25 ಮಕ್ಕಳವರೆಗೆ ಒಬ್ಬರೇ ಅಡುಗೆಯವರು, 26ರಿಂದ 100ರವರೆಗೆ ಇಬ್ಬರು. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31 ಆದರೆ 25,000, 100 ದಾಟಿದರೆ 50,000. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರಂತೆ ಶಿಕ್ಷಕರು, ಜೊತೆಗೆ ತರಗತಿಗೆ ಕನಿಷ್ಠ ಒಬ್ಬರು. ಅವರಲ್ಲಿ ಗಣಿತ-ವಿಜ್ಞಾನಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. 100 ಮಕ್ಕಳು ದಾಟಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು. 30 ಮಕ್ಕಳ ಶಾಲೆಗೂ 31 ಮಕ್ಕಳ ಶಾಲೆಗೂ ಅನುದಾನದಲ್ಲಿ 15,000 ರೂಪಾಯಿ ವ್ಯತ್ಯಾಸ. 26ರಿಂದ 25ಕ್ಕೆ ಇಳಿದರೆ ಅಡುಗೆಮನೆಯಲ್ಲಿ ಒಬ್ಬರ ಕೆಲಸಕ್ಕೆ ಕುತ್ತು. ಯುಡೈಸ್, ಅಂದರೆ ದೇಶದ ಎಲ್ಲ ಶಾಲೆಗಳ ವಾರ್ಷಿಕ ಮಾಹಿತಿ ದಾಖಲೆಯ, ಎಣಿಕೆಯ ದಿನ ಸೆಪ್ಟೆಂಬರ್ 30. ಆಗಸ್ಟಿನಲ್ಲಿ ಒಂದು ಕುಟುಂಬ ಊರು ಬಿಟ್ಟಿತು ಅಂದರೆ ಸಣ್ಣ ಶಾಲೆಗೆ ಅದು ಒಂದೆರಡು ಮಕ್ಕಳ ನಷ್ಟಕ್ಕೆ ನಿಲ್ಲುವುದಿಲ್ಲ.

ಇಲ್ಲೇ ಒಂದು ಚಪಲವೂ ಹುಟ್ಟುತ್ತದೆ. ಪಕ್ಕದೂರಿನ ಕಾನ್ವೆಂಟಿಗೆ ಹೋಗುವ ಮಗುವಿನ ಹೆಸರನ್ನು ಇಲ್ಲಿಯ ಹಾಜರಾತಿಯಲ್ಲೂ ಉಳಿಸಿಕೊಳ್ಳೋಣ ಅನ್ನುವುದು. ಮಕ್ಕಳ ಜಾಡು ಹಿಡಿಯುವ ರಾಜ್ಯದ ಆನ್‌ಲೈನ್ ದಾಖಲೆ ಎಸ್‌ಎಟಿಎಸ್ ಬಂದ ಮೇಲೆ ಇದು ಬಹಳ ದಿನ ನಡೆಯುವುದಿಲ್ಲ, ಒಂದು ಮಗುವಿಗೆ ಒಂದೇ ಸಂಖ್ಯೆ. ಸಿಕ್ಕಿಬೀಳುವ ಭಯಕ್ಕಿಂತ ಇನ್ನೊಂದು ನಷ್ಟ ದೊಡ್ಡದು. ಇಲ್ಲದ ಮಗುವಿನ ಹಾಜರಿ ಹಾಕುವ ಶಾಲೆಗೆ ಇರುವ ಮಗು ತಪ್ಪಿಸಿಕೊಂಡದ್ದು ಕಾಣುವುದಿಲ್ಲ.

ಈಗ ಐದರಿಂದ ಆರಕ್ಕೆ ಬರುವ ಮೆಟ್ಟಿಲು. ಈ ಮೆಟ್ಟಿಲಿನ ಬಗ್ಗೆ ಎಲ್ಲೂ ಸಾಕಷ್ಟು ಮಾತಾಡುವುದಿಲ್ಲ. ಜವಾಹರ್ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯ, ಇವೆಲ್ಲ ಮಕ್ಕಳನ್ನು ತೆಗೆದುಕೊಳ್ಳುವುದು ಆರನೇ ತರಗತಿಗೇ, ಪ್ರವೇಶ ಪರೀಕ್ಷೆ ಮಾಡಿಯೇ. ಊರ ಶಾಲೆಯ ಐದನೇ ತರಗತಿಯಲ್ಲಿ ಮುಂದಿರುವ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಹೋಗಲಿ, ಅದು ಮಕ್ಕಳಿಗೆ ಒಳ್ಳೆಯದೇ. ಆದರೆ ಉಳಿದ ತರಗತಿಯ ಲೆಕ್ಕಕ್ಕೆ ಏನಾಗುತ್ತದೆ ನೋಡಿ. ಐದನೇ ತರಗತಿಯಲ್ಲಿ 11 ಮಕ್ಕಳು, 20 ಅಂಕದ ಪರೀಕ್ಷೆ ಅಂದುಕೊಳ್ಳಿ. ಅಂಕಗಳು 18, 17, 17, 15, 13, 12, 11, 9, 8, 6, 6. ಒಟ್ಟು 132, ಸರಾಸರಿ 12. ಜೂನ್‌ನಲ್ಲಿ ಮೊದಲ ಮೂವರು ವಸತಿ ಶಾಲೆಗೆ ಹೋದರು. ಉಳಿದ ಎಂಟು ಮಕ್ಕಳ ಮೊತ್ತ 80, ಸರಾಸರಿ 10. ಯಾವ ಮಗುವೂ ಒಂದಕ್ಷರ ಮರೆತಿಲ್ಲ, ಸರಾಸರಿ ಮಾತ್ರ ಎರಡು ಅಂಕ ಬಿದ್ದಿದೆ. ಆರನೇ ತರಗತಿ ತೆಗೆದುಕೊಂಡ ಶಿಕ್ಷಕರು ಬೈಗುಳ ತಿನ್ನುತ್ತಾರೆ. ಐದರವರೆಗೆ ಚೆನ್ನಾಗಿ ಕಲಿಸಿದ ಶಾಲೆಯಿಂದಲೇ ಹೆಚ್ಚು ಮಕ್ಕಳು ಆಯ್ಕೆಯಾಗಿ ಹೋಗುತ್ತಾರಾದ್ದರಿಂದ ಆ ಶಾಲೆಯ ದಾಖಲಾತಿಯೂ ಇಳಿಯುತ್ತದೆ, ಸರಾಸರಿಯೂ ಇಳಿಯುತ್ತದೆ. ಒಳ್ಳೆಯ ಕೆಲಸಕ್ಕೆ ದಂಡ ಕಟ್ಟಿದ ಹಾಗೆ.

ಎಂಟು ಮಕ್ಕಳ ತರಗತಿಗೆ ಶೇಕಡಾ ಲೆಕ್ಕವೂ ಕೈಕೊಡುತ್ತದೆ. ಒಂದು ಮಗು ಅಂದರೆ ಶೇ. 12.5. "ಕಳೆದ ವರ್ಷ ಶೇ. 75 ಮಕ್ಕಳು ಓದುತ್ತಿದ್ದರು, ಈ ಸಲ ಶೇ. 50" ಎಂದು ಅಕ್ಕಪಕ್ಕದ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ಓದಿದಾಗ ಅನಾಹುತವಾದಂತೆ ಕೇಳುತ್ತದೆ. ಆಗಿರುವುದು ಎರಡು ಮಕ್ಕಳ ವ್ಯತ್ಯಾಸ, ಅದರಲ್ಲಿ ಒಂದು ಮಗು ಪರೀಕ್ಷೆಯ ದಿನ ಜ್ವರದಲ್ಲಿದ್ದಿರಬಹುದು. 20ಕ್ಕಿಂತ ಕಡಿಮೆ ಮಕ್ಕಳಿರುವ ತರಗತಿಗೆ ಶೇಕಡಾ ಬಿಟ್ಟು ಹೆಸರು ಬರೆಯಿರಿ. ಒಂದು ಉದ್ದ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ನಾಲ್ಕನೇ ತರಗತಿಯಲ್ಲಿದ್ದ ಎಲ್ಲ ಮಕ್ಕಳ ಹೆಸರು, ಬಲಕ್ಕೆ ಐದು, ಆರು, ಏಳು, ಎಂಟು ಎಂದು ಕಾಲಂ. ಪ್ರತಿ ವರ್ಷ ಆ ಮಗು ಎಲ್ಲಿದೆ, ಓದಿನಲ್ಲಿ ಯಾವ ಹಂತ, ಲೆಕ್ಕದಲ್ಲಿ ಯಾವ ಹಂತ. ಬಿಟ್ಟು ಹೋಗಿದ್ದರೆ ಎಲ್ಲಿಗೆ, ಯಾಕೆ. ಐದು ವರ್ಷದ ಇಂಥ ಹಾಳೆ ಇದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಯಾವ ಪ್ರಶ್ನೆಗೂ ಉತ್ತರ ಇರುತ್ತದೆ. ಅದಿಲ್ಲದಿದ್ದರೆ ಪೋಷಕರಿಗೆ ಮನಸ್ಸಿಲ್ಲ ಎಂಬ ಹಳೆಯ ಉತ್ತರವನ್ನೇ ಕೊಡಬೇಕಾಗುತ್ತದೆ.

ಕಲಿಕೆಯ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಬೇಕು. ಆರನೇ ತರಗತಿಗೆ ಬಂದ ಮಗುವಿಗೆ ಎರಡನೇ ತರಗತಿಯ ಪಾಠ ಓದಲು ಬರುತ್ತದೆಯೇ? ಮುಜುಗರ ಪಡದೆ ಜೂನ್‌ನ ಎರಡನೇ ವಾರದಲ್ಲೇ ನೋಡಬೇಕು. ಬರವಣಿಗೆಯ ಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ, ಪಕ್ಕದವರ ಹಾಳೆ ಕಣ್ಣಳತೆಯಲ್ಲೇ ಇರುತ್ತದೆ. ಒಂದೊಂದೇ ಮಗುವನ್ನು ಜಗಲಿಗೆ ಕರೆದು, ಉಳಿದವರಿಗೆ ಕೇಳಿಸದ ಹಾಗೆ, ಅಕ್ಷರ, ಪದ, ಒಂದನೇ ತರಗತಿಯ ನಾಲ್ಕು ಸಾಲು, ಎರಡನೇ ತರಗತಿಯ ಸಣ್ಣ ಕಥೆ ಹೀಗೆ ಹಂತ ಹಂತವಾಗಿ ಓದಿಸಬೇಕು. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು ಬಳಸುವುದೂ ಇಂಥದ್ದೇ ಹಾಳೆ. ಒಂದು ಮಗುವಿಗೆ ಐದು ನಿಮಿಷ, 30 ಮಕ್ಕಳಿಗೆ ಎರಡೂವರೆ ಗಂಟೆ. ಎರಡು ಬೆಳಗ್ಗೆಯಲ್ಲಿ ಮುಗಿಯುವ ಕೆಲಸ.

ಮಗು ಎಲ್ಲಿ ತಡವರಿಸಿತು ಅನ್ನುವುದನ್ನು ಬರೆದುಕೊಳ್ಳುವುದೇ ಮುಖ್ಯ. ಕನ್ನಡ ಓದುವ ಮಕ್ಕಳು ಎಲ್ಲೆಂದರಲ್ಲಿ ಎಡವುವುದಿಲ್ಲ, ಎಡವುವ ಜಾಗಗಳು ಗೊತ್ತಿರುವಂಥವೇ. "ಬೆಕ್ಕು", "ಹಗ್ಗ", "ಒಬ್ಬ" ಸಲೀಸು, ಯಾಕೆಂದರೆ ಕೆಳಗಿನ ಒತ್ತು ಮೇಲಿನ ಅಕ್ಷರದ ಹಾಗೇ ಕಾಣುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ. ಅದಕ್ಕೇ "ವಾಕ್ಯ", "ಚಕ್ರ", "ಶುಕ್ಲ" ಬಂದಾಗ ಮಗು ನಿಲ್ಲುತ್ತದೆ. ಅರ್ಕಾವೊತ್ತು ಇನ್ನೊಂದು ಮುಳ್ಳು. "ಧರ್ಮ" ಎಂದು ಬರೆಯುವಾಗ ಮ ಮೊದಲು ಬಂದು ರಕಾರದ ಗುರುತು ಆಮೇಲೆ ಬರುತ್ತದೆ, ಉಚ್ಚಾರದಲ್ಲಿ ರಕಾರ ಮೊದಲು. ಕಂಡ ಕ್ರಮದಲ್ಲೇ ಓದುವ ಪ್ರಾಮಾಣಿಕ ಮಗು "ಧಮರ" ಅನ್ನುತ್ತದೆ, "ಸೂರ್ಯ"ನನ್ನು "ಸೂಯರ" ಮಾಡುತ್ತದೆ. ಇದನ್ನು ದಡ್ಡತನ ಎಂದು ಬರೆದರೆ ತಪ್ಪು ನಮ್ಮದು. ಆರು ಒತ್ತು, ಒಂದು ಅರ್ಕಾವೊತ್ತು, ಹ್ರಸ್ವ-ದೀರ್ಘದ ವ್ಯತ್ಯಾಸ, ಇಷ್ಟನ್ನು ಗುರಿಯಿಟ್ಟು ದಿನಕ್ಕೆ ಹತ್ತು ಪದದಂತೆ ಓದಿಸಿದರೆ ಸಾಕು. ಇಡೀ ವರ್ಣಮಾಲೆಗೆ ಮತ್ತೆ ಹಿಂದಿರುಗುವ ಅಗತ್ಯ ಹೆಚ್ಚಿನ ಮಕ್ಕಳಿಗೆ ಇಲ್ಲ. ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು, ಮರಾಠಿ ಆಡುವ ಮಕ್ಕಳಿಗೆ ಓದು ಬಂದರೂ ಅರ್ಥ ಬಂದಿರುವುದಿಲ್ಲ. ಅವರಿಗೆ ಓದಿದ ಮೇಲೆ ಎರಡು ಪ್ರಶ್ನೆ ಬಾಯಿಮಾತಿನಲ್ಲಿ ಕೇಳಿ ನೋಡಬೇಕು.

ಲೆಕ್ಕದಲ್ಲಿ ಮೂರೇ ಪ್ರಶ್ನೆ ಸಾಕು. ಮೊದಲನೆಯದು 402ರಲ್ಲಿ 176 ಕಳೆಯುವುದು. ಸರಿ ಉತ್ತರ 226. ಬಹಳ ಮಕ್ಕಳು 374 ಬರೆಯುತ್ತಾರೆ. ಪ್ರತಿ ಸ್ಥಾನದಲ್ಲೂ ದೊಡ್ಡದರಲ್ಲಿ ಚಿಕ್ಕದನ್ನು ಕಳೆದಿದ್ದಾರೆ, ಮೇಲೆ ಯಾವುದು ಕೆಳಗೆ ಯಾವುದು ಎಂದು ನೋಡಿಲ್ಲ. ನಡುವಿನ ಸೊನ್ನೆಯಿಂದ ಏನು ಸಾಲ ತರುವುದು ಅನ್ನುವುದೇ ತೊಡಕು. ಎರಡನೆಯದು 612 ಭಾಗಿಸು 6. ಉತ್ತರ 102, ಹಾಳೆಯಲ್ಲಿ ಬರುವುದು 12. ನಡುವಿನ 1ರಲ್ಲಿ 6 ಹೋಗುವುದಿಲ್ಲವೆಂದು ಸೊನ್ನೆ ಹಾಕದೆ ಮುಂದಕ್ಕೆ ಹಾರಿದ್ದಾರೆ. ಎರಡು ತಪ್ಪಿಗೂ ಬೇರು ಸ್ಥಾನಬೆಲೆಯೇ. ಮದ್ದು ಕಡ್ಡಿ ಕಟ್ಟು ಅಥವಾ ರಟ್ಟಿನಲ್ಲಿ ಮಾಡಿದ 100, 10, 1 ರೂಪಾಯಿ ನೋಟು. ನೂರರ ನೋಟು ಕೊಟ್ಟು ಹತ್ತರ ಹತ್ತು ನೋಟು ತಗೋ, ಅದರಲ್ಲಿ ಒಂದು ಕೊಟ್ಟು ಒಂದರ ಹತ್ತು ತಗೋ ಎಂದು ಕೈಯಲ್ಲಿ ಆಡಿಸಿದರೆ ಒಂದು ವಾರದಲ್ಲಿ ಸಾಲ ತರುವುದು ತಲೆಗೆ ಹತ್ತುತ್ತದೆ. ಮೂರನೆಯದು ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸುವುದು. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಐದನೇ ಎರಡು ಅನ್ನುತ್ತಾರೆ. "ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಆಗುತ್ತೇನು?" ಎಂದು ಕೇಳಿ, ಮಗುವೇ ನಗುತ್ತದೆ.

ಹಂತ ಗೊತ್ತಾದ ಮೇಲೆ ಆರು, ಏಳು, ಎಂಟರ ಮಕ್ಕಳನ್ನು ಮೊದಲ ಅವಧಿಗೆ ತರಗತಿ ಮರೆತು ಹಂತದ ಪ್ರಕಾರ ಮೂರು ಗುಂಪು ಮಾಡಬಹುದು. 40 ನಿಮಿಷ, 60 ದಿನ. ಒಟ್ಟು 40 ಗಂಟೆ. ಪೋರ್ಷನ್ ಮುಗಿಯುವುದಿಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಕಾಯ್ದೆ ಆರರಿಂದ ಎಂಟಕ್ಕೆ ಕೇಳುವುದು ವರ್ಷಕ್ಕೆ 220 ದಿನ, 1,000 ಬೋಧನಾ ಗಂಟೆ. ಅದರಲ್ಲಿ 40 ಗಂಟೆ ಅಂದರೆ ನೂರಕ್ಕೆ ನಾಲ್ಕು. ಓದಲು ಬಾರದ ಮಗುವಿಗೆ ಉಳಿದ 960 ಗಂಟೆ ಸಮಾಜ ವಿಜ್ಞಾನ ಹೇಳುವುದು ಯಾರಿಗೆ ಲಾಭ?

ಈ ಏರ್ಪಾಡು ಕೆಡುವ ರೀತಿಗಳೂ ಗೊತ್ತಿರಲಿ. ಒಮ್ಮೆ ಗುಂಪು ಮಾಡಿ ವರ್ಷಪೂರ್ತಿ ಬದಲಿಸದಿದ್ದರೆ ಕೆಳಗಿನ ಗುಂಪು ದಡ್ಡರ ಗುಂಪಾಗುತ್ತದೆ, ಎಂಟನೇ ತರಗತಿ ಹುಡುಗ ಅಲ್ಲಿ ಕೂರಲು ನಾಚಿ ಶಾಲೆಯನ್ನೇ ತಪ್ಪಿಸುತ್ತಾನೆ. 15 ದಿನಕ್ಕೊಮ್ಮೆ ಮತ್ತೆ ಓದಿಸಿ ನೋಡಿ ಮೇಲಕ್ಕೆ ಕಳಿಸಬೇಕು. ಕೆಳಗಿನ ಗುಂಪನ್ನು ಅತಿಥಿ ಶಿಕ್ಷಕರಿಗೆ ಒಪ್ಪಿಸಿ ಹಿರಿಯರು ಮೇಲಿನ ಗುಂಪು ಇಟ್ಟುಕೊಳ್ಳುವುದು ಇನ್ನೊಂದು ತಪ್ಪು. ಆಗಬೇಕಾದದ್ದು ಅದರ ತಿರುವುಮುರುವು.

ಶಿಕ್ಷಕರ ವಿಷಯ ಚುಟುಕಾಗಿ ಹೇಳುತ್ತೇನೆ. ಆರರಿಂದ ಎಂಟಕ್ಕೆ ಪದವೀಧರ ಪ್ರಾಥಮಿಕ ಶಿಕ್ಷಕರೆಂಬ ಬೇರೆಯೇ ಹುದ್ದೆ ಇದೆ. 2022ರಲ್ಲಿ ಇಂಥ 15,000 ಹುದ್ದೆಗೆ ಅಧಿಸೂಚನೆ ಬಂತು. ಅನೇಕ ಊರುಗಳಲ್ಲಿ ಮೊದಲು ಖಾಲಿ ಬೀಳುವುದು ಗಣಿತ-ವಿಜ್ಞಾನದ ಕುರ್ಚಿ. ಅದೇ ಒಬ್ಬರ ಮೇಲೆ ಎರಡು ವಿಷಯ ನಿಂತಿರುವುದರಿಂದ ಅವರು ತರಬೇತಿಗೋ ಮತದಾರರ ಪಟ್ಟಿಯ ಬಿಎಲ್‌ಒ ಕೆಲಸಕ್ಕೋ ಹೋದ ದಿನ ಮೂರು ತರಗತಿಗೆ ಎರಡೂ ವಿಷಯ ಇಲ್ಲ. ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಖಾಲಿ ಹುದ್ದೆಯನ್ನು "ಒಬ್ಬ ಶಿಕ್ಷಕರು ಬೇಕು" ಎಂದು ಬರೆಯಬೇಡಿ. ವಿಷಯ, ತರಗತಿ, ಎಂದಿನಿಂದ ಖಾಲಿ, ತಪ್ಪಿದ ಅವಧಿಗಳೆಷ್ಟು ಎಂದು ಬರೆಯಿರಿ. ಅಂಥ ಮನವಿಯನ್ನು ಪಕ್ಕಕ್ಕಿಡುವುದು ಕಷ್ಟ.

ಹಾಜರಾತಿ ವಹಿಯನ್ನು ತಿಂಗಳ ಕೊನೆಗೆ ಕೂಡಿಸುವುದಷ್ಟೇ ಅಲ್ಲ, ಅಡ್ಡಡ್ಡ ಓದಬೇಕು. ಸಂತೆಯ ದಿನ ಯಾರು ಇರುವುದಿಲ್ಲ? ಹತ್ತಿ ಬಿಡಿಸುವ ತಿಂಗಳಲ್ಲಿ, ಮೆಣಸಿನಕಾಯಿ ಬಿಡಿಸುವ ತಿಂಗಳಲ್ಲಿ ಯಾರು? ಏಳು, ಎಂಟನೇ ತರಗತಿಯ ಹುಡುಗಿಯೊಬ್ಬಳು ಪ್ರತಿ ತಿಂಗಳು ಮೂರು ನಾಲ್ಕು ದಿನ ತಪ್ಪಿಸುತ್ತಿದ್ದರೆ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಾಗಿಲಿಗೆ ಚಿಲಕ ಇದೆಯೇ ಎಂದು ನೋಡಿ. ಮನೆಗೆ ಹೋಗಿ ಬೈಯುವುದಕ್ಕಿಂತ 200 ರೂಪಾಯಿಯ ಚಿಲಕ ಹೆಚ್ಚು ಕೆಲಸ ಮಾಡುತ್ತದೆ. ಮಧ್ಯಾಹ್ನದ ಮೇಲೆ ಮಕ್ಕಳು ಮಂಕಾಗುತ್ತಿದ್ದರೆ ಊಟದ ಅಳತೆ ತೂಗಿಸಿ. ಆರರಿಂದ ಎಂಟರ ಮಗುವಿಗೆ ಧಾನ್ಯ 150 ಗ್ರಾಂ, ಬೇಳೆ 30, ತರಕಾರಿ 75, ಎಣ್ಣೆ ಏಳೂವರೆ ಗ್ರಾಂ. 30 ಮಕ್ಕಳಿಗೆ ನಾಲ್ಕೂವರೆ ಕಿಲೋ ಅಕ್ಕಿ, 900 ಗ್ರಾಂ ಬೇಳೆ, ಎರಡೂಕಾಲು ಕಿಲೋ ತರಕಾರಿ. ಸಣ್ಣ ಮಕ್ಕಳ ಅಳತೆ 100 ಗ್ರಾಂ ಧಾನ್ಯ. ಎಲ್ಲರಿಗೂ ಒಂದೇ ಸೌಟು ಹಾಕಿದರೆ ಬೆಳೆಯುವ ಹುಡುಗರಿಗೆ ಸಾಲುವುದಿಲ್ಲ.

ಗುಳೆ ಹೋಗುವ ಮನೆಗಳಿಗೆ ಬೇರೆ ಕ್ರಮ. ದಸರಾ ರಜೆ ಮುಗಿಯುವ ಹೊತ್ತಿಗೆ ಕಬ್ಬು ಕಡಿಯಲು ಹೊರಡುವ ಮನೆಗಳು ಯಾವುವು ಎಂದು ಊರಿಗೆಲ್ಲ ಗೊತ್ತಿರುತ್ತದೆ. ಹೊರಡುವ ಮುಂಚೆಯೇ ಯಾವ ತಾಲ್ಲೂಕು, ಯಾವ ಕಾರ್ಖಾನೆಯ ಕಡೆ ಎಂದು ಕೇಳಿ ಬರೆದಿಟ್ಟುಕೊಂಡು ಆ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಫೋನ್ ಮಾಡಿಸಬೇಕು. ಅಜ್ಜಿ ಮನೆಯಲ್ಲಿದ್ದರೆ ಮಗುವನ್ನು ಇಲ್ಲೇ ಬಿಟ್ಟು ಹೋಗಲು ಒಪ್ಪಿಸಬಹುದು. ಹೋಗಿಬಿಟ್ಟ ಮಗುವಿನ ಹೆಸರು ಹೊಡೆದುಹಾಕಿದರೆ ಯುಗಾದಿಗೆ ಬಂದಾಗ ಅದು ಹೊರಗಿನ ಮಗುವಾಗಿರುತ್ತದೆ. ಯಾವ ಮಗುವೇ ಆಗಲಿ, ಸತತ ಏಳು ದಿನ ಕಾಣದಿದ್ದರೆ ಎಂಟನೇ ದಿನಕ್ಕೆ ಬಾಗಿಲು ತಟ್ಟಬೇಕು. ತಿಂಗಳು ಕಳೆದರೆ ಕೂಲಿಯ ದುಡ್ಡಿನ ರುಚಿ ಹತ್ತಿರುತ್ತದೆ.

ಖಾಸಗಿ ಶಾಲೆಯಿಂದ ವಾಪಸು ಬರಲು ಇಷ್ಟಪಡುವ ಮನೆಯವರು ಟಿ.ಸಿ.ಗಾಗಿ ಅಲೆದು ಬೇಸತ್ತು ಬಿಡುವುದುಂಟು, ಬಾಕಿ ಕಟ್ಟದೆ ಕೊಡುವುದಿಲ್ಲ ಎಂದಿರುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನಿನ ಪ್ರಕಾರ ಟಿ.ಸಿ. ತಡವಾದ ಕಾರಣಕ್ಕೆ ಸರ್ಕಾರಿ ಶಾಲೆ ಪ್ರವೇಶ ತಡೆಯುವಂತಿಲ್ಲ. ಮಗುವನ್ನು ಅಂದೇ ಕೂರಿಸಿ, ಕಾಗದ ಆಮೇಲೆ ಬರಲಿ.

ಇಂಗ್ಲಿಷಿನ ಪ್ರಶ್ನೆ ತಪ್ಪಿಸಲಾಗದು. 2019-20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು. ದಾಖಲಾತಿಗೆ ಅದು ನೆರವಾದರೂ, ಕಲಿಸುವವರಿಗೆ ಆ ಭಾಷೆಯಲ್ಲಿ ಸಲೀಸಾಗಿ ಮಾತಾಡಲು ಬಾರದಿದ್ದರೆ ಆರನೇ ತರಗತಿಗೆ ಬಂದಾಗ ಮಗುವಿಗೆ ವಿಜ್ಞಾನವೂ ಇಲ್ಲ, ಇಂಗ್ಲಿಷೂ ಇಲ್ಲ. ಫಲಕ ಬದಲಿಸುವ ಮುಂಚೆ ಶಿಕ್ಷಕರನ್ನು ಕೇಳಿ.

ಊರಲ್ಲೇ ಉಳಿದ ಮಕ್ಕಳ ಪೋಷಕರಿಗೆ ಹೇಳಲು ಒಂದು ಗಟ್ಟಿ ಮಾತಿದೆ. ಕೇಂದ್ರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಎಂಟನೇ ತರಗತಿಯವರಿಗೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ನವೋದಯ ಮತ್ತು ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೆ ಇದು ಇಲ್ಲ, ಊರ ಶಾಲೆಯವರಿಗೆ ಮತ್ತು ಅನುದಾನಿತ ಶಾಲೆಯವರಿಗೆ ಇದೆ. ಪೋಷಕರ ಆದಾಯ ಮೂರೂವರೆ ಲಕ್ಷ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 5 ರಿಯಾಯಿತಿ. ಮಾನಸಿಕ ಸಾಮರ್ಥ್ಯದ 90 ಪ್ರಶ್ನೆ, ಪಾಠದ ವಿಷಯಗಳ 90 ಪ್ರಶ್ನೆ, ತಲಾ 90 ನಿಮಿಷ. ಎಡವುವುದು ಮೊದಲ ಪತ್ರಿಕೆಯಲ್ಲಿ, ಅಂಥ ಪ್ರಶ್ನೆಗಳನ್ನೇ ನೋಡಿರುವುದಿಲ್ಲ. ಏಳನೇ ತರಗತಿಯಿಂದಲೇ ಶನಿವಾರ ಬೆಳಗಿನ ಒಂದು ಅವಧಿ ಇದಕ್ಕೆ ಇಡಿ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅರ್ಜಿ ಹಾಕುವುದನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಕೊನೆಯದಾಗಿ ಏಳರಿಂದ ಎಂಟು. ಏಳಕ್ಕೇ ಮುಗಿಯುವ ಶಾಲೆಗಳಿಂದ ಮಗು ಟಿ.ಸಿ. ತೆಗೆದುಕೊಂಡು ಹೋಬಳಿಯ ಹೈಸ್ಕೂಲಿಗೆ ಹೋಗಬೇಕು. ಕಳಿಸಿದ ಶಾಲೆಯ ಪ್ರಕಾರ ಮಗು ಹೋಯಿತು, ಹೈಸ್ಕೂಲಿನ ಪ್ರಕಾರ ಅಂಥ ಮಗುವೇ ಬಂದಿಲ್ಲ. ನಡುವಿನ ಆ ಬೇಸಿಗೆ ರಜೆಯಲ್ಲಿ ಮಕ್ಕಳು ಕಳೆದುಹೋಗುತ್ತಾರೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ಬೆಳಗಿನ ಬಸ್ಸು ಮೊದಲ ಗಂಟೆ ಹೊಡೆಯುವ ಮುಂಚೆ ಮುಟ್ಟುತ್ತದೆಯೇ, ಸಂಜೆ ಕತ್ತಲಾಗುವ ಮುಂಚೆ ವಾಪಸು ಬಿಡುತ್ತದೆಯೇ? ಡಿಪೋ ಮ್ಯಾನೇಜರರಿಗೆ ಪಂಚಾಯಿತಿ ಮನವಿ ಕೊಡಬೇಕಾದ್ದು ಏಪ್ರಿಲ್‌ನಲ್ಲಿ. ಫಲಿತಾಂಶದ ದಿನವೇ ಏಳನೇ ತರಗತಿ ಮುಗಿಸಿದವರ ಹೆಸರುಪಟ್ಟಿಯ ಎರಡು ಪ್ರತಿ ಮಾಡಿ, ಒಂದನ್ನು ಹೈಸ್ಕೂಲಿನ ಮುಖ್ಯ ಶಿಕ್ಷಕರ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಜೂನ್ 15ಕ್ಕೆ ಇನ್ನೊಂದು ಪ್ರತಿ ಹಿಡಿದು ಎಸ್‌ಡಿಎಂಸಿಯ ಇಬ್ಬರು ಆ ಶಾಲೆಗೆ ಹೋಗಿ ಒಂದೊಂದೇ ಹೆಸರಿಗೆ ಗುರುತು ಹಾಕಿಕೊಂಡು ಬನ್ನಿ. ಗುರುತು ಬೀಳದ ಹೆಸರುಗಳ ಮನೆಗೆ ಅಂದು ಸಂಜೆಯೇ ಹೋಗಿ.